ಚಂದ್ರಂದು ಕಣ

ನಾನೂರು ಕೋಟಿ ವರ್ಷಗಳಿಂದ ಚಂದ್ರ ಉಲ್ಕೆಗಳ ಏಟು ತಿನ್ನುತ್ತಿದ್ದಾನೆ. ಅಲ್ಲಿ ಗಾಳಿಯಿಲ್ಲ, ಮಳೆಯಿಲ್ಲ, ಆದ್ದರಿಂದ ಒಮ್ಮೆ ಬಿದ್ದ ಕುಳಿ ಹಾಗೆಯೇ ಉಳಿಯುತ್ತದೆ ಎಂದು ನಾನು ವರ್ಷಕ್ಕೊಮ್ಮೆ ಮಕ್ಕಳಿಗೆ ಪಾಠ ಮಾಡುತ್ತೇನೆ. ಇನ್ನು ಮುಂದೆ ಆ ಪಾಠಕ್ಕೆ ಒಂದು ಸಾಲು ಸೇರಿಸಬೇಕು: ಅಲ್ಲಿ ಮಾವಂದಿರೂ ಇಲ್ಲ.

ಇದ್ದಿದ್ದರೆ ಗೊತ್ತಾಗುತ್ತಿತ್ತು. ಗುಂಡ್ಲುಪೇಟೆಯ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ನಾನು ಮೂರು ವಾರ ಬೆವರು ಸುರಿಸಿ ಕಟ್ಟಿದ ಕುಳಿಯನ್ನು, ನನ್ನ ಹೆಂಡತಿಯ ತಂದೆ ಲಿಂಗಯ್ಯನವರು ಒಂದು ಬಕೆಟ್ ಸಗಣಿ ಮತ್ತು ಒಂದು ಬಲಗೈ, ಇವೆರಡರಿಂದ ಒಂದೇ ಹಗಲಿನಲ್ಲಿ ಅಳಿಸಿ ಹಾಕಿದರು. ನನಗೆ ಕೋಪ ಬಂತು. ಇದನ್ನು ಬರೆಯುವಾಗಲೂ ಇದೆ. ಕೋಪ ಆರಿದ ಮೇಲೆ ಬರೆಯಬೇಕು ಎಂದು ಬುದ್ಧಿ ಹೇಳುವವರಿದ್ದರೆ ವಿಳಾಸ ಕೊಡಲಿ, ಮಾವನನ್ನು ಅವರ ಮನೆಗೆ ಕಳಿಸಿಕೊಡುತ್ತೇನೆ.

ಚಂದ್ರಯಾನ ಈಚೆಗಷ್ಟೇ ಹಾರಿತ್ತು. ನಮ್ಮ ಜಿಲ್ಲೆಯ ವಿಜ್ಞಾನ ಶಿಕ್ಷಕರ ಪಾಠೋಪಕರಣ ಸ್ಪರ್ಧೆಗೆ 'ಚಂದ್ರ' ಎಂದೇ ವಿಷಯ ಕೊಟ್ಟಿದ್ದರು. ಡಿಸೆಂಬರ್‌ನ ಒಂದು ಶುಕ್ರವಾರ, ಚಾಮರಾಜನಗರದಲ್ಲಿ. ನಾನು ಈ ಸ್ಪರ್ಧೆಗೆ ಹಳಬ. ಮೊದಲ ವರ್ಷ ಜ್ವಾಲಾಮುಖಿ ಮಾಡಿದ್ದೆ. ಅದು ಸರಿಯಾದ ಹೊತ್ತಿಗೇ ಉಕ್ಕಿತು, ಆದರೆ ತೀರ್ಪುಗಾರರ ಬಿಳಿ ಪ್ಯಾಂಟಿನ ಮೇಲೆ ಉಕ್ಕಿತು. ಎರಡನೇ ವರ್ಷ ರಬ್ಬರ್ ಕೊಳವೆಗಳ ಹೃದಯ. ಅದು ತೀರ್ಪುಗಾರರು ಬರುವ ಮುನ್ನವೇ ನಿಂತುಹೋಯಿತು. ಮೂರನೇ ವರ್ಷ ಸೌರ ಒಲೆ. ಆ ದಿನ ಮೋಡ. ಮೂರಕ್ಕೂ ಸಮಾಧಾನಕರ ಬಹುಮಾನ ಬಂದಿತ್ತು. (ಬಂದದ್ದು ಬಹುಮಾನ ಮಾತ್ರ. ಸಮಾಧಾನ ಯಾವ ವರ್ಷವೂ ಬರಲಿಲ್ಲ.)

ಈ ಮೂರು ಮಹತ್ಕೃತಿಗಳೂ ನಮ್ಮ ಮನೆಯ ಎಂಟಡಿಗೆ ಆರಡಿಯ ಚಿಕ್ಕ ರೂಮಿನಲ್ಲಿ ವಾಸವಾಗಿದ್ದವು. ಜೊತೆಗೆ ಥರ್ಮಕೋಲು, ತಂತಿ, ಬಣ್ಣದ ಡಬ್ಬಿ, ಮುಂದೆಂದಾದರೂ ಬೇಕಾಗಬಹುದಾದ ಇನ್ನೂರು ಬೆಂಕಿಪೊಟ್ಟಣ. ಅದು ನನ್ನ ಪ್ರಯೋಗಶಾಲೆ. ನನ್ನ ಹೆಂಡತಿ ಶಿವರಂಜಿನಿ ಅದಕ್ಕೆ ಇಟ್ಟಿದ್ದ ಹೆಸರು ತಿಪ್ಪೆ.

ಹೀಗಿರುವಾಗ ಮಾವ ಬಂದರು. ಚಂದಕವಾಡಿಯಿಂದ ಒಂದು ಚೀಲ ಅವರೆಕಾಯಿ ಹೊತ್ತು, ಎರಡು ದಿನವಿದ್ದು ಹೋಗುತ್ತೇನೆಂದು ಬಂದವರು. ಅವರೆಕಾಯಿ ಮುಗಿಯಿತು, ಮಾವ ಮುಗಿಯಲಿಲ್ಲ. ಊರಿಗೆ ಹೋಗಿ ಮಾಡುವುದಾದರೂ ಏನು ಎಂದರು. ಸುಗ್ಗಿಯ ಕಾಲವೇನೋ ಹೌದು. ಆದರೆ ಈಗ ರಾಗಿ ಹುರುಳಿ ಕೊಯ್ದವರೆಲ್ಲ ಟಾರು ರಸ್ತೆಗೆ ಹರಡಿ ಕೈಕಟ್ಟಿ ನಿಲ್ಲುತ್ತಾರೆ, ಬಸ್ಸು ಲಾರಿಗಳೇ ತುಳಿದು ಒಕ್ಕಣೆ ಮಾಡಿಕೊಡುತ್ತವೆ. ಕಣ ಮಾಡುವವರೇ ಇಲ್ಲ. ಒಂದು ಕಾಲದಲ್ಲಿ ಎಂಟು ಹಳ್ಳಿಯವರು ಕಣ ಸಾರಿಸಲು ನಮ್ಮ ಮಾವನನ್ನು ಎಲೆ ಅಡಿಕೆ ಕೊಟ್ಟು ಕರೆಯುತ್ತಿದ್ದರಂತೆ. ಈ 'ಅಂತೆ'ಯನ್ನು ನಾನು ಊಟಕ್ಕೊಮ್ಮೆ ಕೇಳಿದ್ದೇನೆ.

ಮಾವ ನಡುಮನೆಯಲ್ಲಿ ಮಲಗುವುದು ಶಿವರಂಜಿನಿಗೆ ಸರಿಕಾಣಲಿಲ್ಲ. ಚಿಕ್ಕ ರೂಮು ಖಾಲಿ ಮಾಡಿ ಎಂದಳು. ನಾನು ವಿಜ್ಞಾನದ ಬೆಳವಣಿಗೆಯ ಬಗ್ಗೆ ಮಾತಾಡಿದೆ. ಅವಳು ಜಿರಲೆಯ ಬೆಳವಣಿಗೆಯ ಬಗ್ಗೆ ಮಾತಾಡಿದಳು. ಕೊನೆಗೆ ಅವಳೇ ಒಂದು ಒಪ್ಪಂದವನ್ನು ಮುಂದಿಟ್ಟಳು.

"ಈ ಸಲ ನೀವು ಮೊದಲ್ನೇ ಬಹುಮಾನ ತಂದ್ರೆ ರೂಮು ನಿಮ್ದು. ನಾನು ಬಾಯೇ ತಗಿಯಲ್ಲ. ತರ್ದೇ ಇದ್ರೆ ನಮ್ಮಪ್ಪಂದು. ಜ್ವಾಲಾಮುಖಿನ ನೀವೇ ತಲೆ ಮೇಲೆ ಹೊತ್ಕಂಡು ಆಚೆಗೆ ಹಾಕ್ಬೇಕು."

ಒಪ್ಪಿಕೊಂಡೆ. ಸೋತರೆ ಹೋಗುವುದು ರೂಮಲ್ಲ, ಈ ಮನೆಯಲ್ಲಿ ನನಗಿರುವ ಏಕೈಕ ಸ್ವತಂತ್ರ ಸಂಸ್ಥಾನ ಎಂಬುದು ನನಗೆ ಗೊತ್ತಿತ್ತು. ಆದ್ದರಿಂದ ಕೆಲಸಕ್ಕೆ ಹೇಗೆ ಬಿದ್ದೆನೆಂದರೆ, ಬಿ.ಎಡ್. ಪರೀಕ್ಷೆಗೂ ಹಾಗೆ ಬಿದ್ದಿರಲಿಲ್ಲ. ಗೋಪಾಲಸ್ವಾಮಿ ಬೆಟ್ಟದ ರಸ್ತೆಯಿಂದ ಹುತ್ತದ ಮಣ್ಣನ್ನು ಮೊಪೆಡ್ಡಿನಲ್ಲಿ ಆರು ಸಲ ತಂದೆ. ಮನೆಯ ಜರಡಿಯಲ್ಲಿ ಜರಡಿ ಹಿಡಿದೆ. (ಚಂದ್ರನಿಗೆ ಗುಂಡಿ ಬಿದ್ದರೆ ನಮ್ಮ ಮನೆ ಜರಡಿ ಯಾಕೆ ಹಾಳಾಗಬೇಕು ಎಂಬ ಪ್ರಶ್ನೆ ಬಂತು. ಅದಕ್ಕೆ ಇನ್ನೂ ಉತ್ತರ ಬರೆದಿಲ್ಲ.) ಬೂದಿ, ಹೊಟ್ಟು, ಗೋಂದು ಬೆರೆಸಿ, ಮೂರಡಿ ಅಗಲದ ಪ್ಲೈವುಡ್ ಹಲಗೆಯ ಮೇಲೆ ಕುಳಿ ಎಬ್ಬಿಸಿದೆ.

ನೀವು ಅದನ್ನು ನೋಡಬೇಕಿತ್ತು. ಸುತ್ತಲೂ ಎತ್ತರದ ದುಂಡು ಅಂಚು. ಅಂಚಿನ ಒಳಗೋಡೆ ಜರಿದು ಜರಿದು ಇಳಿದ ಮೆಟ್ಟಿಲುಗಳು, ಎಣಿಸಿ ನಾಲ್ಕು. ಕೆಳಗೆ ಒರಟಾದ ತಳ. ತಳದ ನಟ್ಟನಡುವೆ ಶಿಖರ: ಉಲ್ಕೆ ಅಪ್ಪಳಿಸಿದ ರಭಸಕ್ಕೆ ತಗ್ಗಿದ ನೆಲ ಮತ್ತೆ ಮೇಲಕ್ಕೆ ಪುಟಿದು ಹಾಗೆಯೇ ನಿಂತದ್ದು. ನೀರಿಗೆ ಕಲ್ಲು ಹಾಕಿದರೆ ನಡುವಿನಿಂದ ಒಂದು ಹನಿ ಮೇಲೇಳುವುದಿಲ್ಲವೇ, ಹಾಗೆ. (ಮನೆಯಲ್ಲಿ ನಾನು ಒಂದು ಮಾತು ಹಾಕಿದರೆ ಶಿವರಂಜಿನಿಯ ಉತ್ತರವೂ ಹೀಗೆಯೇ ಏಳುತ್ತದೆ.) ಅಂಚಿನ ಆಚೆ, ಹೊರಗೆ ಎರಚಿ ಬಿದ್ದ ಮಣ್ಣಿನ ಹೊದಿಕೆ. ಅದರ ಮೇಲೆ ಸುಣ್ಣದಲ್ಲಿ ಎಳೆದ ಬಿಳಿಯ ಕಿರಣಗಳು. ಸಿಡಿದ ಕಲ್ಲುಗಳು ಬಿದ್ದು ಆದ ಮರಿಕುಳಿಗಳು ಒಳಗೂ ಹೊರಗೂ ಸೇರಿ ಹದಿನಾಲ್ಕು, ಒಂದೊಂದನ್ನೂ ಗೋಲಿಯಿಂದ ಒತ್ತಿ ಮಾಡಿದ್ದು. ಹೆಸರಿನ ಚೀಟಿಗಳನ್ನು ಚುಚ್ಚುವುದೊಂದು ಬಾಕಿಯಿತ್ತು.

ಗುರುವಾರ ಸಂಜೆ ಶಾಲೆಯಿಂದ ಚೀಟಿಗಳನ್ನು ಬರೆದುಕೊಂಡು ಬಂದೆ. ಹಿತ್ತಲಿಗೆ ಹೋದೆ. ಮಾವ ಕೈಗೆ ಮೆತ್ತಿದ ಸಗಣಿ ತೊಳೆಯುತ್ತ ಕುಳಿತಿದ್ದರು. ಹಲಗೆಯ ಮೇಲೆ ಚಂದ್ರನಿರಲಿಲ್ಲ.

ಮೆಟ್ಟಿಲುಗಳಿಲ್ಲ. ಮರಿಕುಳಿಗಳಿಲ್ಲ. ಸುಣ್ಣದ ಕಿರಣಗಳನ್ನು ಪೊರಕೆಯಿಂದ ಗುಡಿಸಿ ಅದರ ಮೇಲೆ ಬೂದಿ ನೀರು ಚಿಮುಕಿಸಲಾಗಿತ್ತು. ತಳವೆಲ್ಲ ಮಣ್ಣು ತುಂಬಿ, ಸಗಣಿಯಿಂದ ಕಪ್ಪಗೆ, ಕನ್ನಡಿಯಂತೆ ನುಣ್ಣಗೆ ಸಾರಿಸಿದ್ದರು. ಅಂಚು ಮಾತ್ರ ಸುತ್ತ ಉಳಿದಿತ್ತು. ನಡುವೆ ಶಿಖರದ ತುದಿಯಷ್ಟೇ ರಾಗಿ ರಾಶಿಯ ಹಾಗೆ ಚೂಪಾಗಿ ಎದ್ದಿತ್ತು. ಅದರ ನೆತ್ತಿಯ ಮೇಲೆ ಒಂದು ಸಗಣಿಯ ಬೆನಕ, ಬೆನಕನ ತಲೆಯಲ್ಲಿ ಎರಡೆಳೆ ಗರಿಕೆ.

ನಾನು ಬಾಯಿ ತೆಗೆದೆ. ಇಡೀ ಬೀದಿಗೆ ಕೇಳಿಸಿತು. ಮಾವನಿಗೆ ಬೈಯುವಂತಿಲ್ಲವಾದ್ದರಿಂದ ಬಕೆಟ್ಟಿಗೆ ಬೈದೆ, ಪೊರಕೆಗೆ ಬೈದೆ, ಸಗಣಿ ಹಾಕಿದ ದನಕ್ಕೆ ಬೈದೆ, ಆ ದನದ ಯಜಮಾನನಿಗೂ ಬೈದೆ. ಶಿವರಂಜಿನಿ ಸೌಟು ಹಿಡಿದೇ ಓಡಿಬಂದಳು. ಮಾವ ಮಾತ್ರ ಏನೂ ಅರ್ಥವಾಗದೆ, ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ನಿಂತಿದ್ದರು.

"ಯಾಕಳೀಮಯ್ಯ, ಚೆಂದಾಗಿಲ್ವಾ?" ಎಂದರು. "ಇಲಿ ಬಿಲ ಅದ್ನಾಕು ಇದ್ದೊ. ಒಂದೂ ಬುಡ್ದಂಗೆ ಮುಚ್ಚಿವ್ನಿ. ಬಿಲ ಮಡೀಕಂಡು ಯಾವನಾರ ಕಣ ಮಾಡ್ತನಾ? ಪಕ್ಕದ ಗ್ವಾಡೆ ಬ್ಯಾರೆ ಜರ್ಕಂಡಿತ್ತು."

"ಕಣ ಅಂತ ನಿಮಗೆ ಯಾರು ಹೇಳಿದ್ದು ಮಾವ?"

"ನೀವೇ ಏಳುದ್ರಲ್ಲ, ಒತ್ತಾರೆ ಅಲ್ಲುಜ್ಜುವಾಗ. ಏನಳೀಮಯ್ಯ ಇದು ದುಂಡುಗೆ ಅಂತ ಕೇಳ್ದಿ. ಚಂದ್ರಂದು ಕಣ ಮಾವ ಅಂದ್ರಿ."

ನಾನು ಬೈಗುಳ ನಿಲ್ಲಿಸಿದೆ. ಹೇಳಿದ್ದೆ. ನಿಜವಾಗಿಯೂ ಹಾಗೇ ಹೇಳಿದ್ದೆ.

ನಮ್ಮ ಕಡೆಯವರಲ್ಲದ ಓದುಗರಿಗೆ ಇಲ್ಲಿ ವಿವರಣೆ ಕೊಡಬೇಕು. ನಮ್ಮ ಸೀಮೆಯಲ್ಲಿ ಮಾತಿನ ಕೊನೆಗೆ 'ಕಣ' ಎಂದು ಸೇರಿಸುತ್ತೇವೆ. ಬಂದ ಕಣ, ಹೋದ ಕಣ, ಉಂಡೆ ಕಣ. ಅದಕ್ಕೆ ಅರ್ಥವಿಲ್ಲ, ರುಚಿಗಷ್ಟೇ, ಸಾರಿಗೆ ಒಗ್ಗರಣೆ ಇದ್ದಂತೆ. ಬಿ.ಎಡ್. ಮಾಡುವಾಗ ನನ್ನ ಅಭ್ಯಾಸ ಪಾಠ ಕೇಳಿದ ಮೇಷ್ಟ್ರು, 'ನಲವತ್ತು ನಿಮಿಷದಲ್ಲಿ ಕಣ ಮೂವತ್ತೊಂದು ಸಲ. ತಿದ್ದಿಕೊಳ್ಳಿ' ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು. ತಿದ್ದಿಕೊಂಡಿದ್ದೆ. ಹತ್ತು ವರ್ಷ ತರಗತಿಯಲ್ಲಿ ಒಂದೂ ಕಣ ಉದುರಿಸಿದವನಲ್ಲ. ಅಂದು ಬೆಳಿಗ್ಗೆ ಬಾಯ್ತುಂಬ ಪೇಸ್ಟಿನ ನೊರೆ ಇತ್ತು, ಶಾಲೆಗೆ ಹೊತ್ತಾಗಿತ್ತು, 'ಚಂದ್ರನದು ಮಾವ' ಎನ್ನಬೇಕಾದಲ್ಲಿ ನನ್ನ ಅಜ್ಜ ಮುತ್ತಜ್ಜರೆಲ್ಲ ಸೇರಿ ಒಳಗಿನಿಂದ ಆ ಎರಡಕ್ಷರವನ್ನು ನೂಕಿಬಿಟ್ಟರು. ಜೀವಮಾನವೆಲ್ಲ ಕಣ ಸಾರಿಸಿದ ಮನುಷ್ಯನ ಕಿವಿಗೆ ಅದು ಹೇಗೆ ಬಿದ್ದಿರಬೇಡ.

"ಚಂದ್ರ ಅಂದರೆ ಆಕಾಶದ ಚಂದ್ರ ಮಾವ" ಎಂದೆ.

"ಚಂದ್ರಪ್ಪಂದೇ ಆಗ್ಲಿ, ಸೂರ್ಯಪ್ಪಂದೇ ಆಗ್ಲಿ, ಕಣ ಅಂದ್ಮೇಲೆ ಕಣ. ಅಂಗೆ ಗುಳಿಬಿದ್ಕಂಡು ಇರ್ಬಾರ್ದು" ಎಂದರು ಮಾವ. ಆಮೇಲೆ ನನ್ನ ಮುಖ ನೋಡಿ ದನಿ ಇಳಿಸಿದರು. "ನಂಗೆ ಗೊತ್ತಾಗ್ನಿಲ್ಲ ಅಳೀಮಯ್ಯ. ಐಕಳಿಗೆ ಕಣ ತೋರ್ಸಕ್ಕೆ ಮಾಡ್ತಾವ್ರೆ, ಮೇಷ್ಟ್ರಲ್ವಾ ಅಂದ್ಕಂಡಿ. ಏಳೆಂಟ್ ವರ್ಷಾಗಿತ್ತು ಕಣಕ್ಕೆ ಕೈಯಿಟ್ಟು."

ಇದು ಇನ್ನೂ ಅನ್ಯಾಯ. ತಪ್ಪು ಮಾಡಿದವರು ಜಗಳಕ್ಕೆ ಬಂದರೆ ಕೋಪಕ್ಕೆ ಒಂದು ದಾರಿ ಇರುತ್ತದೆ. ಹೀಗೆ ಮಾತಾಡಿದರೆ ಕೋಪ ಎಲ್ಲಿಗೆ ಹೋಗಬೇಕು? ನನ್ನದು ಶಿವರಂಜಿನಿಯ ಮೇಲೆ ಹೋಯಿತು. ಇಡೀ ದಿನ ಮನೆಯಲ್ಲೇ ಇದ್ದು ನೋಡಲಿಲ್ಲವೇ ಎಂದೆ. ನೋಡಿದಳಂತೆ. ಮೊದಲಿಗಿಂತ ಅಚ್ಚುಕಟ್ಟಾಗಿದೆ ಅನ್ನಿಸಿತಂತೆ. ಹೊಸದಾಗಿ ಮಾಡೋಣವೆಂದರೆ ಮಣ್ಣು ಒಣಗಲು ನಾಲ್ಕು ದಿನ ಬೇಕು. ಸ್ಪರ್ಧೆ ಬೆಳಿಗ್ಗೆ ಹತ್ತಕ್ಕೆ. ಹೋಗುವುದೇ ಇಲ್ಲ ಎಂದೆ.

"ಹೋಗ್ಲಿಲ್ಲ ಅಂದ್ರೆ ಸೋತಂಗೇ ಲೆಕ್ಕ" ಎಂದು ಸೌಟಿನಿಂದಲೇ ಚಿಕ್ಕ ರೂಮಿನ ಕಡೆ ತೋರಿಸಿದಳು.

ಹೋದೆ. ತೆರಕಣಾಂಬಿ ಮೇಲೆ ಹೋಗುವ ಬಸ್ಸಿನ ಹಿಂದಿನ ಸೀಟಿನಲ್ಲಿ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಬೆನಕನನ್ನು ಕಿತ್ತು ಗರಿಕೆಯ ಸಮೇತ ಜೇಬಿಗೆ ಹಾಕಿಕೊಂಡು ಕುಳಿತೆ. ಪಕ್ಕದಲ್ಲಿ ಒಂದು ಅಜ್ಜಿ ಕುಳಿತಿತ್ತು. ಅದು ಹಲಗೆಯ ಮೇಲೆ ಮೆಲ್ಲಗೆ ಬೆರಳಾಡಿಸಿ, ಕೈಯನ್ನು ಕಣ್ಣಿಗೊತ್ತಿಕೊಂಡು, ಯಾರು ಮಗ ಸಾರಿಸಿದ್ದು, ಕೈ ಚೆಂದಾಗದೆ ಎಂದಿತು. ನಾನು ಕಿಟಕಿಯ ಆಚೆ ನೋಡಿದೆ. ರಸ್ತೆಯುದ್ದಕ್ಕೂ ಹುರುಳಿ ಹರಡಿದ್ದರು. ನಮ್ಮ ಬಸ್ಸು ಅದನ್ನು ತುಳಿದುಕೊಂಡು ಹೋಗುತ್ತಿತ್ತು.

ಚಾಮರಾಜನಗರದ ಸಭಾಂಗಣದಲ್ಲಿ ಹದಿಮೂರು ಮಾದರಿಗಳಿದ್ದವು. ಅದರಲ್ಲಿ ಹನ್ನೊಂದು ಕುಳಿಗಳು. ನನ್ನದೊಂದು ಬಿಟ್ಟು ಎಲ್ಲವೂ ಒಂದೇ ಪಠ್ಯಪುಸ್ತಕದ ಒಂದೇ ಚಿತ್ರದ ಮಕ್ಕಳು: ಅಂಚು, ಮೆಟ್ಟಿಲು, ಶಿಖರ, ಕಿರಣ. ನನ್ನ ಜೊತೆ ಬಿ.ಎಡ್. ಓದಿ ಈಗ ಪಕ್ಕದ ತಾಲ್ಲೂಕಿನಲ್ಲಿರುವ ಕನಕರಾಜು ತನ್ನ ಥರ್ಮಕೋಲ್ ಕುಳಿಗೆ ಬೆಳ್ಳಿಬಣ್ಣ ಬಳಿದು ಒಳಗೆ ಸೀರಿಯಲ್ ಸೆಟ್ ಹಾಕಿದ್ದ. ಅವನ ಶಿಖರ ಒಮ್ಮೆ ಕೆಂಪಗೆ, ಒಮ್ಮೆ ಹಸಿರಾಗಿ ಮಿನುಗುತ್ತಿತ್ತು. ಅವನು ನನ್ನ ಮೇಜಿನ ಹತ್ತಿರ ಬಂದು ಮೂಗಿನಿಂದ ಎರಡು ಸಲ ಉಸಿರೆಳೆದ.

"ಏನ್ಲಾ ಶಾಂತರಾಜು, ಚಂದ್ರನ ಮೇಲೆ ದನ ಕಟ್ಟವ್ರಾ? ಇಸ್ರೋದವ್ರಿಗೆ ತಿಳಿಸಿದ್ದೀಯಾ?"

ಅಷ್ಟರಲ್ಲಿ ತೀರ್ಪುಗಾರರು ಬಂದರು. ಕಾಲೇಜಿನಲ್ಲಿ ಭೂವಿಜ್ಞಾನ ಹೇಳಿ ನಿವೃತ್ತರಾದ ಗೋವಿಂದಯ್ಯನವರು. ಹತ್ತು ಕುಳಿಗಳನ್ನು ತಾಂಬೂಲದ ತಟ್ಟೆ ನೋಡಿದಂತೆ ನೋಡುತ್ತ ಬಂದವರು ನನ್ನ ಮೇಜಿನ ಮುಂದೆ ನಿಂತುಬಿಟ್ಟರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕುರ್ಚಿಯಲ್ಲಿ ಕುಳಿತಿದ್ದ ಇಲಾಖೆಯ ಸಾಹೇಬರೂ ಎದ್ದು ಬಂದರು.

"ಎಲ್ಲರೂ ಹೊಸ ಕುಳಿ ಮಾಡಿದ್ದಾರೆ" ಎಂದರು ಗೋವಿಂದಯ್ಯನವರು. "ಹಳೆಯದು ಮಾಡಿದವರು ನೀವೊಬ್ಬರೇ."

ಆಮೇಲೆ ನನ್ನ ಮಾದರಿಯನ್ನು ನನಗೇ ಪಾಠ ಮಾಡಿದರು. ಕುಳಿಯಾದ ಎಷ್ಟೋ ಕಾಲದ ನಂತರ ಒಳಗಿನಿಂದ ಕರಗಿದ ಕಲ್ಲು ಉಕ್ಕಿ ಬಂದು ತಳವನ್ನು ತುಂಬಿಕೊಳ್ಳುತ್ತದೆ. ಆಗ ಮೆಟ್ಟಿಲುಗಳು ಮುಳುಗುತ್ತವೆ, ಒಳಗಿನ ಮರಿಕುಳಿಗಳು ಮುಳುಗುತ್ತವೆ, ನೆಲ ಕಪ್ಪಗೆ ಸಪಾಟಾಗುತ್ತದೆ, ಶಿಖರದ ತುದಿಯೊಂದು ಮಾತ್ರ ದ್ವೀಪದಂತೆ ಉಳಿಯುತ್ತದೆ. ಹೊರಗಿನ ಬಿಳಿ ಕಿರಣಗಳು ಕಾಲಾಂತರದಲ್ಲಿ ಮಾಸಿಹೋಗುತ್ತವೆ. ಇವರು ಒಂದನ್ನೂ ಬಿಟ್ಟಿಲ್ಲ ನೋಡಿ, ಎಂದು ಸಾಹೇಬರಿಗೆ ತೋರಿಸಿದರು. ನನಗೆ ಮತ್ತೆ ಸಿಟ್ಟು ಬಂತು. ಇದನ್ನೆಲ್ಲ ಪುಸ್ತಕದಲ್ಲಿ ನಾನೂ ಓದಿದ್ದೆ. ಓದಿದ ನನಗೆ ಹೊಳೆಯದ್ದು, ಓದದ ಮಾವನ ಬಲಗೈಗೆ ಇಲಿ ಬಿಲ ಮುಚ್ಚುವಾಗ ಹೊಳೆಯಬೇಕೆ?

"ಬೇರೆಯವರ ಮಣ್ಣೆಲ್ಲ ಬಿರುಕು ಬಿಟ್ಟಿದೆ. ಇದರಲ್ಲಿ ಕೂದಲೆಳೆಯಷ್ಟು ಬಿರುಕಿಲ್ಲ. ಈ ನೆಲ ಯಾರು ಮಾಡಿದ್ದು?" ಎಂದು ಕೇಳಿದರು.

ನಿಜ ಹೇಳಲು ನನಗೆ ಒಂದು ಕ್ಷಣ ಸಿಕ್ಕಿತ್ತು. ಆ ಕ್ಷಣದಲ್ಲಿ ನಾನು ಕನಕರಾಜುವಿನ ಮುಖ ನೋಡಿದೆ. ಆಮೇಲೆ ಚಿಕ್ಕ ರೂಮನ್ನು ನೆನೆದೆ.

"ನಾನೇ ಸಾರ್."

"ಕೈಯಲ್ಲೇ?"

"ಕೈಯಲ್ಲೇ ಸಾರ್."

ಮೊದಲನೇ ಬಹುಮಾನ ನನಗೇ ಬಂತು. ಜೊತೆಗೆ ಇನ್ನೊಂದು ಬಂತು. ಜನವರಿಯಲ್ಲಿ ಜಿಲ್ಲೆಯ ಎಲ್ಲ ವಿಜ್ಞಾನ ಶಿಕ್ಷಕರಿಗೆ ಕಾರ್ಯಾಗಾರವಿದೆ, ಈ ನೆಲವನ್ನು ನೀವು ಅವರೆದುರಿಗೆ ಮಾಡಿ ತೋರಿಸಬೇಕು ಎಂದು ಸಾಹೇಬರು ಅಲ್ಲಿಯೇ ಆದೇಶ ಬರೆಸಿದರು. ಬಿರುಕು ಬರಬಾರದು ಎಂದು ಬಾಯಲ್ಲಿ ಸೇರಿಸಿದರು. ಕನಕರಾಜು ಮುಂದಿನ ಸಾಲಿನಲ್ಲಿ ಕುಳಿತು ನೋಡುತ್ತೇನೆ ಎಂದ.

ಮನೆಗೆ ಬಂದಾಗ ಶಿವರಂಜಿನಿ ಮಾತಿಗೆ ತಪ್ಪಲಿಲ್ಲ. ಪ್ರಮಾಣಪತ್ರವನ್ನು ಓದಿ, ಚಿಕ್ಕ ರೂಮಿನ ಬೀಗದ ಕೈಯನ್ನು ತಂದು ಮೇಜಿನ ಮೇಲಿಟ್ಟಳು. ನಂತರ, ಸಾರಿಸಿದ್ದು ಯಾರು ಅಂತ ಅವರು ಕೇಳಲಿಲ್ಲವೇ ಎಂದಳು. ಕೇಳಿದರು ಎಂದೆ. ನೀವು ಏನಂದಿರಿ ಎಂದಳು. ನಾನು ಕಾಫಿ ಕೇಳಿದೆ. ಕಾಫಿ ಬರಲಿಲ್ಲ. ಆದೇಶದ ಕಾಗದವೂ ಅವಳ ಕೈಗೆ ಸಿಕ್ಕಿತು. ಓದಿ ನಗಲಿಲ್ಲ, ಬೈಯಲೂ ಇಲ್ಲ. "ಸರಿ, ಮಾಡಿ ತೋರ್ಸಿ" ಎಂದು ಅಷ್ಟೇ ಹೇಳಿದಳು. ಅವಳು ಬೈಯದಿದ್ದಾಗ ನನಗೆ ಭಯವಾಗುತ್ತದೆ.

ಬೇರೆ ದಾರಿಯಿರಲಿಲ್ಲ. ಹಿಂದಿನ ಸಂಜೆ ಬೀದಿಗೆಲ್ಲ ಕೇಳುವಂತೆ ಯಾರ ಸಗಣಿಗೆ ಬೈದೆನೋ ಅವರ ಮುಂದೆಯೇ ಹೋಗಿ, ಮಾವ, ನನಗೊಂದಿಷ್ಟು ಸಾರಿಸುವುದು ಹೇಳಿಕೊಡುತ್ತೀರಾ ಎಂದು ಕೇಳಿದೆ. ಮಾವ ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಂಡಿರಲಿಲ್ಲ. ಎಲೆ ಅಡಿಕೆ ತರಿಸಿಕೊಂಡರು, ಅಷ್ಟೇ.

ಮೇಷ್ಟ್ರಾದ ನಾನು ಹೇಳುತ್ತೇನೆ, ಇಷ್ಟು ಕಠಿಣ ಮೇಷ್ಟ್ರನ್ನು ನಾನು ಕಂಡಿಲ್ಲ. ಮೊದಲನೇ ಪಾಠ ಸಗಣಿಯ ಆಯ್ಕೆ. ಬಸ್ ಸ್ಟ್ಯಾಂಡಿನ ದನದ್ದು ಆಗದು, ಅದು ಗೋಡೆಯ ಪೋಸ್ಟರ್ ತಿನ್ನುತ್ತದೆ, ಸಾರಿಸಿದರೆ ಬಿರಿಯುತ್ತದೆ. ಹುಲ್ಲು ಮೇದ ನಾಟಿ ಹಸುವಿನದೇ ಬೇಕು. ಆದ್ದರಿಂದ ನಾನು ದಿನಾ ಬೆಳಿಗ್ಗೆ ಬಕೆಟ್ ಹಿಡಿದು ಊರಾಚೆ ಹಸುಗಳ ಹಿಂದೆ ನಡೆದೆ. ಎದುರಿಗೆ ಬಂದ ನನ್ನ ವಿದ್ಯಾರ್ಥಿಗಳು 'ನಮಸ್ತೆ ಸಾರ್' ಎಂದರು. ಎರಡನೇ ಪಾಠ ಕಲಸುವುದು. ಮೂರನೆಯದು ಕೈ ಆಡಿಸುವುದು. ನಾನು ಸಾರಿಸಿದ ಮೊದಲ ನೆಲ ಸಂಜೆಗೆ ಬಿರಿಯಿತು. ಎರಡನೆಯದು ಮಧ್ಯಾಹ್ನಕ್ಕೇ ಬಿರಿಯಿತು. ಮೂರನೆಯದರ ಮೇಲೆ ನನ್ನ ಐದು ಬೆರಳೂ ಅಚ್ಚಾಗಿ ಕುಳಿತವು.

"ನಿಮ್ದು ಬರಿಯೋ ಕೈ ಅಳೀಮಯ್ಯ. ಸಗಣಿ ಮ್ಯಾಲೂ ಬರಿಯಕ್ಕೋಯ್ತದೆ" ಎಂದರು ಮಾವ. ಶಿವರಂಜಿನಿ ಒಳಗಿನಿಂದ ಕೇಳಿಸಿಕೊಂಡಳು. ಪಾತ್ರೆ ಉಜ್ಜುವ ಸದ್ದು ನಿಂತದ್ದರಿಂದ ನನಗೆ ಗೊತ್ತಾಯಿತು.

ನಾಲ್ಕನೆಯದೂ ಬಿರಿದ ಮೇಲೆ ಮಾವ ಹಿತ್ತಲಲ್ಲಿ ಅಂಗೈ ಎತ್ತಿ ಹಿಡಿದು ನಿಂತು, ಗಾಳಿ ಎಂದರು. ಕಲಿತ ಕೈಗೆ ಗಾಳಿ ಲೆಕ್ಕವಿಲ್ಲ, ಕಲಿಯುವ ಕೈಗೆ ಗಾಳಿ ಬಾರದ ಜಾಗ ಬೇಕು, ಸಗಣಿ ಮೆಲ್ಲಗೆ ಆರಬೇಕು. ಮನೆಯಲ್ಲಿ ಅಂಥ ಜಾಗ ಯಾವುದಿದೆ ಎಂದು ಕೇಳಿದರು. ಅವರು ಮುಗ್ಧವಾಗಿಯೇ ಕೇಳಿದರು. ಶಿವರಂಜಿನಿ ಬಾಗಿಲಲ್ಲಿ ನಿಂತಿದ್ದಳು. ಕೊಟ್ಟ ಮಾತಿನಂತೆ ಬಾಯಿ ತೆಗೆಯಲಿಲ್ಲ. ಪೊರಕೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

ಗೆದ್ದುಕೊಂಡ ರೂಮಿನ ಬೀಗವನ್ನು ನಾನೇ ತೆಗೆದೆ. ಜ್ವಾಲಾಮುಖಿಯನ್ನು ನಾನೇ ಹೊತ್ತು ಹೊರಗೆ ಹಾಕಿದೆ. ಹೃದಯವನ್ನು ನಾನೇ ಕಿತ್ತು ಹೊರಗಿಟ್ಟೆ. ಸೌರ ಒಲೆಯನ್ನು, ಇನ್ನೂರು ಬೆಂಕಿಪೊಟ್ಟಣವನ್ನು ಗುಜರಿಯವನು ತೆಗೆದುಕೊಂಡು ಹೋದ. ಖಾಲಿ ನೆಲದ ಮೇಲೆ ದಿನಕ್ಕೊಂದು ಸಲ ಸಾರಿಸಿ ಅಭ್ಯಾಸ ಮಾಡುತ್ತೇನೆ. ಹಸಿ ನೆಲಕ್ಕೆ ಬೆಕ್ಕು ನುಗ್ಗುತ್ತದೆ, ಕಾಯಲು ಒಬ್ಬರು ಬೇಕು ಎಂದು ಒಂದು ಬದಿಗೆ ಮಾವನ ಮಂಚ ಬಂತು. ಮಂಚದ ಹಿಂದೆ ಟ್ರಂಕು ಬಂತು, ಟ್ರಂಕಿನ ಹಿಂದೆ ಅವರ ಎಲೆ ಅಡಿಕೆಯ ಚೀಲ ಬಂದು ಗೋಡೆಯ ಮೊಳೆಗೆ ತೂಗಿಕೊಂಡಿತು.

ಕಾರ್ಯಾಗಾರ ಬರುವ ಸೋಮವಾರ. ಇಂದು ಸಾರಿಸಿದ್ದು ಒಂಬತ್ತನೆಯದು. ಮಾವ ಮಂಚದ ಮೇಲೆ ಕುಳಿತು, ಮುಂದಕ್ಕೆ ಬಗ್ಗಿ, ಬಹಳ ಹೊತ್ತು ನೋಡಿದರು. ನಾನು ಸಗಣಿ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದೆ. ಶಿವರಂಜಿನಿ ಅವರಿಗೆ ಕಾಫಿ ತಂದುಕೊಟ್ಟು, ನೆಲದ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದಳು.

"ಏನಪ್ಪ, ನಿನ್ನ ಅಳಿಯ ಪಾಸಾ?"

ಮಾವ ಕಾಫಿಯನ್ನು ಊದಿ ಒಂದು ಗುಟುಕು ಕುಡಿದರು.

"ಬುದ್ದಿವಂತನೇ ಕಣವ್ವ" ಎಂದರು. "ಇದೇ ಕ್ಲಾಸಲ್ಲಿ ಇನ್ನೊಂದ್ವರ್ಸ ಕೂತ್ಕಳ್ಳಿ ಬುಡು."